ಹದಿನೆಂಟನ್ನು ನುಂಗಿದ ಎಂಟನೇ ಕ್ರಾಸು

ವಿಜಯದಶಮಿಯ ದಿನ ನಮ್ಮ ಅತ್ತಿಗೆ ನಾಗರತ್ನ ವೀಣೆ ಶ್ರುತಿ ಮಾಡಿಟ್ಟುಕೊಂಡು ಮಧ್ಯಾಹ್ನದವರೆಗೆ ಕಾದರು. ಹೊಸದಾಗಿ ಸೇರಲು ಒಬ್ಬರೂ ಬರಲಿಲ್ಲ.

ಮಲ್ಲೇಶ್ವರದಲ್ಲಿ ಸಂಗೀತಕ್ಕೆ ಸೇರಿಸುವುದೆಂದರೆ ಅವತ್ತೇ ತಾನೇ? ಬೇರೆ ವರ್ಷಗಳಲ್ಲಿ ಅವರ ಹದಿನೆಂಟನೇ ಕ್ರಾಸಿನ ಮನೆ ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗವಿರುತ್ತಿರಲಿಲ್ಲ. ಈ ಸಲ ಕಲ್ಲುಸಕ್ಕರೆ ತಟ್ಟೆಯಲ್ಲೇ ಉಳಿಯಿತು.

"ಈಗ ವೀಣೆ ಯಾರಿಗೆ ಬೇಕು ಹೇಳು? ನಿಲ್ಲಿಸ್ಬಿಡ್ತೀನಿ ಕಣೋ," ಎಂದರು. ನಾನೂ ತಲೆಯಾಡಿಸಿದೆ. (ಕಾಲ ಕೆಟ್ಟಿತು ಎಂದು ಒಪ್ಪಿಕೊಳ್ಳುವುದು ಎಷ್ಟು ಸಲೀಸು!)

ಮರುದಿನ ಮಾರ್ಕೆಟ್ಟಿನಲ್ಲಿ ಅತ್ತಿಗೆಗೆ ಹಳೆಯ ಶಿಷ್ಯೆಯೊಬ್ಬಳ ತಾಯಿ ಸಿಕ್ಕರು.

"ಚಿಕ್ಕೋಳನ್ನೂ ನಿಮ್ಮ ಹತ್ರಾನೇ ಸೇರಿಸ್ಬೇಕು ಅಂತಿದ್ವಿ ಮೇಡಂ. ನೀವು ನೋಡಿದ್ರೆ ಪಾಠಾನೇ ನಿಲ್ಲಿಸ್ಬಿಟ್ರಿ."

"ಯಾರ್ರೀ ಹೇಳಿದ್ದು?"

"ನಿಮ್ಮ ವೆಬ್‌ಸೈಟಲ್ಲೇ ಇದೆಯಲ್ಲ!"

ಮನೆಗೆ ಬಂದು ನೋಡಿದರೆ, ಹೌದು, ಇತ್ತು. ಅತ್ತಿಗೆ ಎಂಟನೇ ಕ್ರಾಸಿನಲ್ಲೂ ಒಂದು ಬಾಡಿಗೆ ರೂಮಿನಲ್ಲಿ ಪಾಠ ಮಾಡುತ್ತಿದ್ದರು. ದಸರೆಗೆ ಮುಂಚೆ ಅದನ್ನು ಬಿಟ್ಟರು. ವೆಬ್‌ಸೈಟಿನಲ್ಲಿ ಎರಡು ಕ್ರಾಸಿಗೂ ಒಂದೊಂದು ಪೇಜು. ಸಾಫ್ಟ್‌ವೇರಿನಲ್ಲಿರುವ ನಮ್ಮಣ್ಣ ಸರ್ವರ್‌ಗೆ ಒಂದು ರೂಲ್ ಬರೆದಿದ್ದ: ಪೇಜಿನ ವಿಳಾಸದಲ್ಲಿ ‘8ನೇ ಕ್ರಾಸ್’ ಎಂದು ಕಂಡರೆ ‘ಪಾಠ ನಿಂತಿದೆ’ ಎಂದು ತೋರಿಸು.

‘18ನೇ ಕ್ರಾಸ್’ ಎಂಬುದರೊಳಗೂ ‘8ನೇ ಕ್ರಾಸ್’ ಇದೆಯಲ್ಲ? ಸರ್ವರ್ ಹೇಳಿದಷ್ಟು ಮಾಡಿತು. ಎರಡೂ ಪೇಜು ಬಂದ್.

"ಎಂಟು ಅಂದ್ರೆ ಬರೀ ಎಂಟು ಅಂತ ಯಾರಿಗಾದ್ರೂ ಗೊತ್ತಾಗುತ್ತಪ್ಪ," ಎಂದು ಅಣ್ಣ ಗೊಣಗಿದ. ಸಂಪಿಗೆ ರಸ್ತೆಯ ಆಟೋದವರಿಗೆ ಗೊತ್ತಾಗುತ್ತದೆ. ಸರ್ವರ್‌ಗೆ ಮಾತ್ರ, ಎಂಟರ ಎಡಕ್ಕೆ ಬೇರೆ ಅಂಕಿ ಇರಕೂಡದು ಎಂದು ಬಿಡಿಸಿ ಹೇಳಬೇಕು. ವಿಳಾಸದಲ್ಲಿ ಪೇಜಿನ ಹೆಸರು ಶುರುವಾಗುವುದು ಒಂದು ಓರೆಗೆರೆಯ (/) ನಂತರ; ರೂಲಿನಲ್ಲಿ ಎಂಟರ ಎಡಕ್ಕೆ ಅದೊಂದನ್ನು ಸೇರಿಸಿದರೆ ಸಾಕು. ಅಣ್ಣ ಗೆರೆ ಹಾಕಿದ. ಕಾಫಿ ಆರುವ ಮೊದಲೇ ಹದಿನೆಂಟನೇ ಕ್ರಾಸು ವಾಪಸ್ ಬಂತು.

ಅಣ್ಣನೂ ನಾನೂ ನಕ್ಕೆವು. ನನಗಂತೂ ನಿಜವಾಗಿ ಸಮಾಧಾನವಾಗಿತ್ತು. ಜನರಿಗೆ ವೀಣೆ ಬೇಡವಾದದ್ದಲ್ಲ, ಪೇಜು ತಪ್ಪಿದ್ದು, ಅಷ್ಟೇ ಅಲ್ಲವೇ? ಪಾಠ ನಿಲ್ಲಿಸುವ ಮಾತನ್ನು ಇನ್ನು ಬಿಡಿ ಎಂದು ಅತ್ತಿಗೆಗೆ ಹೇಳಿದೆ.

ಅವರು ವೀಣೆಗೆ ಬಟ್ಟೆ ಹೊದಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಈ ಕ್ರಾಸುಗಳಲ್ಲಿ ಅರ್ಧ ಮನೆ ಮಕ್ಕಳಿಗೆ ನಾನೇ ಹೇಳ್ಕೊಟ್ಟಿರೋದು. ಪಾಠ ನಿಲ್ಲಿಸ್ಬಿಟ್ಳು ಅಂತ ಎಲ್ರೂ ಓದಿದ್ರು. ಯಾಕೆ ಅಂತ ಕೇಳೋಕೆ ಒಬ್ರಾದ್ರೂ ಒಂದು ಫೋನ್ ಮಾಡ್ಬಾರ್ದಿತ್ತೇನೋ?"