ಟೈಪಿಂಗ್ ಮೇಡಂ ಬರೆದ ಪಾಠಗಳು

ಕಳೆದ ವಾರ ಅಫಿಡವಿಟ್ ಮಾಡಿಸಲು ಕೋರ್ಟಿನ ಎದುರು ನಿಂತಿದ್ದೆ. ಟೈಪಿಸ್ಟ್ ಹೊಸ ರಿಬ್ಬನ್ನಿನ ಡಬ್ಬಿ ತೆರೆದರು. ಆ ಮಸಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಸಿದ್ಧಾರ್ಥನಗರದ ನಮ್ಮ ಎದುರು ಮನೆಯ ಟೈಪಿಂಗ್ ಮೇಡಂ ನೆನಪಾದರು...

ಮುಂದಿನ ಕೋಣೆಯಲ್ಲಿ ಹತ್ತು ಯಂತ್ರಗಳನ್ನಿಟ್ಟುಕೊಂಡು ಕನ್ನಡ ಟೈಪಿಂಗ್ ಕಲಿಸುತ್ತಿದ್ದರು. ತೊಂಬತ್ತರ ದಶಕದಲ್ಲಿ ನಾನೂ ಅಲ್ಲೇ ಕಲಿತವಳು. ಆಮೇಲೆ ಕಂಪ್ಯೂಟರ್ ಬಂತು, ಕಲಿಯುವವರು ಕಡಿಮೆಯಾದರು, ಒಂದು ದಿನ ಬೋರ್ಡೂ ಇಳಿಯಿತು.

ಎರಡು ಸಾವಿರದ ದಶಕದ ಕೊನೆಯಲ್ಲಿ ನಾನೂ ಇಬ್ಬರು ಗೆಳತಿಯರೂ ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಕಲಿಸುವ ಪುಟ್ಟ ತಂತ್ರಾಂಶ ಬರೆದು ಇಂಟರ್ನೆಟ್ಟಿನ ಒಂದು ತಾಣದಲ್ಲಿಟ್ಟೆವು. ಅಲ್ಲಿಟ್ಟ ಕೋಡನ್ನೂ ಪಾಠಗಳನ್ನೂ ಯಾವ ಊರಿನವರು ಬೇಕಾದರೂ ನೋಡಬಹುದು, ತಿದ್ದಿ ಕಳಿಸಬಹುದು. ನಾವು ಒಪ್ಪಿದರೆ ತಿದ್ದುಪಡಿ ಸೇರುತ್ತದೆ. ಮೇಡಂಗೆ ತೋರಿಸಿದೆ. ಮೊದಲ ಪಾಠ ನೋಡುತ್ತಲೇ, "ಇದನ್ನ ಯಾರು ಬರೆದಿದ್ದು? ಕಿರುಬೆರಳಿಗೆ ಇಷ್ಟು ಕೆಲಸ ಕೊಟ್ರೆ ಕಲಿಯೋರು ಎರಡೇ ದಿನಕ್ಕೆ ಓಡೋಗ್ತಾರೆ ಕಣಮ್ಮ" ಎಂದರು.

ಬರೆದವಳು ನಾನೇ.

ಆ ತಾಣದಲ್ಲಿ ಅವರ ಹೆಸರಿನಲ್ಲೂ ಖಾತೆ ತೆರೆದೆವು. ಮೇಡಂ ಹೊಸ ಹುರುಪಿನಿಂದ ಪಾಠ ಬರೆಯಲು ಕೂತರು. ಮೂರು ತಿಂಗಳಿಗೆ ಮೂವತ್ತು ಪಾಠ. ಬಕಾರದ ಅಭ್ಯಾಸಕ್ಕೆ "ಬೇಬಿ ಬಾಳೆಹಣ್ಣಿಗೆ ಬಾಯಿ ಬಿಟ್ಟಳು" ಎಂದು ಬರೆದು ತಾವೇ ನಗುತ್ತಿದ್ದರು.

ಒಂದು ಬೆಳಿಗ್ಗೆ ಫೋನು ಬಂತು. "ಬೇಗ ಬಾರಮ್ಮ. ನನ್ನ ಏಳನೇ ಪಾಠಕ್ಕೆ ಯಾರೋ ಕೈ ಹಾಕ್ಬುಟ್ಟಿದಾರೆ."

ಓಡಿದೆ. ಬೀದರಿನ ಬ್ಯಾಂಕೊಂದರ ಗುಮಾಸ್ತರು ತಿದ್ದುಪಡಿ ಕಳಿಸಿದ್ದರು. ತೆರೆಯ ಮೇಲೆ ಹಳೆಯ ಸಾಲು ಕೆಂಪಾಗಿ, ಹೊಸದು ಹಸಿರಾಗಿ ಕಾಣುತ್ತಿತ್ತು. ಮೇಡಂ "ಶುಭಾಷಯ" ಎಂದು ಬರೆದಿದ್ದರು. ಗುಮಾಸ್ತರು ಅದನ್ನು "ಶುಭಾಶಯ" ಎಂದು ತಿದ್ದಿದ್ದರು. ಮೇಡಂ ಕನ್ನಡಕ ಒರೆಸಿಕೊಂಡು ಆ ಹಸಿರು ಸಾಲನ್ನೇ ಮತ್ತೆ ಮತ್ತೆ ಓದಿದರು. ಇನ್ನು ಈ ಕೆಲಸವನ್ನೇ ಬಿಟ್ಟುಬಿಡುತ್ತಾರೇನೋ ಎಂದು ನನಗೆ ಅಳುಕಾಯಿತು. ಅಷ್ಟರಲ್ಲಿ ಅವರ ಭುಜ ಕುಲುಕತೊಡಗಿತು. ನಗು ತಡೆಯಲಾಗುತ್ತಿರಲಿಲ್ಲ.

"ಮೂವತ್ತು ವರ್ಷ ಬೇರೆಯವರ ತಪ್ಪಿಗೆ ಕೆಂಪು ಇಂಕಲ್ಲಿ ಸುತ್ತು ಹಾಕ್ದೆ. ನಂಗೆ ಹಾಕೋರೂ ಬಂದ್ಬುಟ್ರಲ್ಲ."

ಒಪ್ಪಿಗೆಯ ಗುಂಡಿಯನ್ನು ತಾವೇ ಒತ್ತಿದರು. ಅಂದಿನಿಂದ ಆ ಗುಮಾಸ್ತರೂ ಇವರೂ ವರ್ಷಗಟ್ಟಲೆ ಒಬ್ಬರ ಪಾಠ ಒಬ್ಬರು ತಿದ್ದಿದರು, ಅಲ್ಪವಿರಾಮಕ್ಕೂ ಜಗಳವಾಡಿದರು. ಒಮ್ಮೆಯೂ ಮುಖ ನೋಡಲಿಲ್ಲ. ಆದರೂ ಬೀದರಿನ ಸುದ್ದಿ ಟೀವಿಯಲ್ಲಿ ಬಂದರೆ ಮೇಡಂ ಸದ್ದು ಜೋರು ಮಾಡುತ್ತಿದ್ದರು...

ಇಂದು ಬೆಳಿಗ್ಗೆ ನಮ್ಮ ತಂತ್ರಾಂಶದ ಪುಟ ತೆರೆದೆ. ಯಾರೋ ಹೊಸಬರು ಕನ್ನಡ ಅಂಕಿಗಳ ಪಾಠ ಕಳಿಸಿ, "ಮೇಡಂ ಒಮ್ಮೆ ನೋಡಲಿ, ಆಮೇಲೆ ಸೇರಿಸಿ" ಎಂದು ಬರೆದಿದ್ದರು. ಪಾಠ ಚೆನ್ನಾಗಿತ್ತು, ಸೇರಿಸಿದೆ. ಮೇಡಂ ಈಗಿಲ್ಲ ಎಂದು ಕೆಳಗೆ ಉತ್ತರಿಸಬೇಕಿತ್ತು. ಎರಡೇ ಪದ. ಅಷ್ಟು ನಿಧಾನವಾಗಿ ನಾನು ಎಂದೂ ಟೈಪ್ ಮಾಡಿರಲಿಲ್ಲ.