ದ್ವೀಪಕ್ಕೆ ಹೊರಡುವ ಮುನ್ನ ಕುಡಿದ ನೀರು

ನೀರೆಂದರೆ ನನಗೆ ಗೌರವ. ಲೋಟದಲ್ಲಿದ್ದರೆ ಸಲುಗೆ, ಬಕೆಟ್ಟಿನಲ್ಲಿದ್ದರೆ ಸ್ನೇಹ. ಅದಕ್ಕಿಂತ ಹೆಚ್ಚಾದರೆ ದೂರದಿಂದಲೇ ನಮಸ್ಕಾರ. ತಿಳಿಯದವರು ಇದನ್ನು ಅಂಜಿಕೆ ಎನ್ನುತ್ತಾರೆ. ಹೈದರಾಬಾದಿನಲ್ಲಿ ಇಷ್ಟು ಕಾಲ ಸಂಸಾರ ಮಾಡಿಯೂ ಹುಸೇನ್ ಸಾಗರ ಕೆರೆಯ ನಡುವೆ ನಿಂತ ಬುದ್ಧನನ್ನು ನಾನು ಟ್ಯಾಂಕ್‌ಬಂಡಿನ ಕಟ್ಟೆಯ ಮೇಲಿಂದಲೇ ನೋಡುತ್ತ ಬಂದವನು. ನನ್ನ ಹೆಂಡತಿ ಸುಶೀಲಾ ಪ್ರತಿ ದಸರೆಗೂ, "ಒಮ್ಮೆ ದೋಣ್ಯಾಗ ಕುಂತು ಬುದ್ಧನ ಪಾದ ನೋಡಿ ಬರೋಣ್ರಿ" ಎನ್ನುವಳು. ನನಗೆ ಪ್ರತಿ ದಸರೆಗೂ ಮಂಡಿನೋವು ಬರುವುದು. "ಆಸೆಯೇ ದುಃಖಕ್ಕೆ ಮೂಲ ಅಂತ ಅವನೇ ಹೇಳ್ಯಾನ" ಎಂದು ಸ್ವತಃ ಬುದ್ಧನನ್ನೇ ನನ್ನ ಪರ ಸಾಕ್ಷಿಗೆ ಕರೆಯುತ್ತಿದ್ದೆ.

ಹೀಗಿರುವಾಗ ಊರಿಗೆ ಐಟಿ ಬಂತು. ಬೇರೆಯವರ ಮನೆಗೆ ಅದು ಕಂಪ್ಯೂಟರಿನ ರೂಪದಲ್ಲಿ ಬಂದಿರಬಹುದು. ನಾರಾಯಣಗೂಡದ ನಮ್ಮ ಮನೆಗೆ ಜೋಳದ ರೊಟ್ಟಿಯ ರೂಪದಲ್ಲಿ ಬಂತು. ಬೀದರ, ರಾಯಚೂರು, ಗುಲಬರ್ಗಾದ ಹುಡುಗರು ಕೊಂಡಾಪುರದ ಗಾಜಿನ ಕಟ್ಟಡಗಳಲ್ಲಿ ಬಂದು ಕುಳಿತರು. ಅವರ ಬುದ್ಧಿ ಅಮೆರಿಕದ ಗಡಿಯಾರಕ್ಕೆ ಹೊಂದಿಕೊಂಡಿತು, ಹೊಟ್ಟೆ ಹೊಂದಿಕೊಳ್ಳಲಿಲ್ಲ. ಸುಶೀಲಾ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಡಬ್ಬಿ ಕಟ್ಟಿ ಕಳಿಸತೊಡಗಿದಳು. ಸರಕಾರಿ ಕಾರ್ಖಾನೆಯಲ್ಲಿ ಫೈಲು ಸರಿಸಿ ನಿವೃತ್ತನಾದ ನಾನು ಡಬ್ಬಿಗಳಿಗೆ ಮುಚ್ಚಳ ಹಾಕುವ ಜವಾಬ್ದಾರಿಯ ಹುದ್ದೆಗೆ ನೇಮಕಗೊಂಡೆ. ದೇಶದ ಸಾಫ್ಟ್‌ವೇರ್ ರಫ್ತಿನಲ್ಲಿ ನಮ್ಮ ಮನೆಯ ಬಡಿದ ರೊಟ್ಟಿಯ ಪಾಲೆಷ್ಟು ಎಂಬುದನ್ನು ಯಾವ ಅರ್ಥಶಾಸ್ತ್ರಜ್ಞನೂ ವಿಚಾರಿಸಿದಂತಿಲ್ಲ. ವಿಷಾದದ ಸಂಗತಿ.

ಆ ರೊಟ್ಟಿಯ ಗಳಿಕೆಯಲ್ಲೇ ಆಕೆ ಒಂದು ದಿನ ಗ್ರೀಸ್ ಪ್ರವಾಸದ ಟಿಕೆಟುಗಳನ್ನು ತಂದು ಮೇಜಿನ ಮೇಲಿಟ್ಟಳು. "ಇದರಾಗ ಒಂದು ದಿನ ಬೋಟಿನ್ಯಾಗ ದ್ವೀಪಕ್ಕ ಹೋಗೋದೈತಿ. ಮುಂಜಾನೆ ಹೋಗಿ ಸಂಜಿಗೆ ಬರೋದು. ಉಳಿದದ್ದು ನೀವು ನೋಡ್ರಿ ಬಿಡ್ರಿ. ಇದೊಂದು ನನಗ ಬೇಕು."

ಮಂಡಿ ಅಲ್ಲಿಯೇ ನೋಯತೊಡಗಿತು. ಕಲಿಯುಗದಲ್ಲಿ ಸಮುದ್ರಯಾನ ನಿಷಿದ್ಧವೆಂಬ ಶಾಸ್ತ್ರವನ್ನು ಹೊರತೆಗೆದೆ. ಆ ನಿಷೇಧವನ್ನು ಬರೆದಿಟ್ಟವನು ನನ್ನಂಥವನೇ ಇರಬೇಕು, ಅವನ ಮನೆಯಲ್ಲೂ ಒಬ್ಬ ಸುಶೀಲಾ ಇದ್ದಿರಬೇಕು ಎಂಬುದು ನನ್ನ ಬಲವಾದ ಅನುಮಾನ. ಸುಶೀಲಾ ಜಗ್ಗಲಿಲ್ಲ. "ಪಾಪ ಬಂದ್ರ ನನಗ ಬರಲಿ. ನೀವು ಫಿಕರ್ ಮಾಡಬ್ಯಾಡ್ರಿ."

ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ನೆನಪಿಸಬೇಕು. ಹೊರಟವರನ್ನು 'ಎಲ್ಲಿಗೆ' ಎಂದು ಕೇಳಬಾರದು. ಹೋದ ಕೆಲಸ ಕೆಡುತ್ತದೆ. ಕುತೂಹಲ ತಡೆಯದಿದ್ದರೆ 'ದೂರ ಹೊಂಟೀರೇನ್ರಿ?' ಎನ್ನಬಹುದು. ನಮ್ಮ ಮೇಲಿನ ಮನೆಯ ದೇಸಾಯರು ಇದರಲ್ಲಿ ಎಷ್ಟು ನಿಷ್ಠರೆಂದರೆ, ಕೈಯಲ್ಲಿ ಕಸದ ಬುಟ್ಟಿ ಹಿಡಿದು ಬೀದಿಯ ಮೂಲೆಗೆ ಹೊರಟವನನ್ನೂ 'ದೂರ ಹೊಂಟೀರೇನ್ರಿ?' ಎಂದೇ ಮಾತಾಡಿಸುತ್ತಾರೆ. ಯಾರಾದರೂ ಬಾಯಿತಪ್ಪಿ 'ಎಲ್ಲಿಗೆ' ಎಂದುಬಿಟ್ಟರೆ ಹೊರಟವರು ಒಳಗೆ ಬಂದು, ಕುಳಿತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ಸುಶೀಲಾ ಇದನ್ನು ಪಾಲಿಸುತ್ತಾಳೆ. ನಾನು ವಿಚಾರವಂತ, ನಗುತ್ತಿದ್ದೆ.

ಅಥೆನ್ಸಿನ ಪಕ್ಕದ ಪಿರೇಯಸ್ ಬಂದರಿಗೆ ಬಂದು ನಿಂತೆವು. ನಮ್ಮ ಹೈದರಾಬಾದಿನ ಕೋಠಿ ಬಸ್‌ಸ್ಟ್ಯಾಂಡಿನಲ್ಲಿ ನೀರು ನಿಲ್ಲಿಸಿ ಬಸ್ಸುಗಳ ಬದಲು ಹಡಗು ಬಿಟ್ಟರೆ ಹೇಗೋ ಹಾಗಿತ್ತು. ಏಜಿನಾ ಎಂಬ ದ್ವೀಪಕ್ಕೆ ಹೋಗುವ ನಮ್ಮ ಹಡಗು ಕಲ್ಯಾಣಮಂಟಪದಷ್ಟು ದೊಡ್ಡದು; ಲಾರಿಗಳೇ ಅದರ ಹೊಟ್ಟೆಯೊಳಗೆ ನಡೆದು ಹೋಗುತ್ತಿದ್ದವು. ಹತ್ತುವ ಬಾಗಿಲಲ್ಲಿ ಬಿಳಿ ಅಂಗಿಯ ನಾವಿಕನೊಬ್ಬ ನಿಂತಿದ್ದ. ಬೇರೆ ದ್ವೀಪಗಳಿಗೆ ಹೋಗುವ ಜನ ತಪ್ಪಿ ಹತ್ತಬಾರದೆಂದು ಎಲ್ಲರನ್ನೂ ಕೇಳುವುದು ಅವನ ಕೆಲಸ. ಸುಶೀಲಾಳ ಕಡೆ ನೋಡಿ ನಗುತ್ತ, ಇಂಗ್ಲಿಷಿನಲ್ಲಿ, ಎಲ್ಲಿಗೆ ಹೊರಟಿದ್ದೀರಿ ಎಂದ.

ಭಕ್ತನ ಕಷ್ಟಕಾಲದಲ್ಲಿ ಭಗವಂತ ಯಾವ ಅಂಗಿ ತೊಟ್ಟು ಬರುತ್ತಾನೋ ಹೇಳಲಾಗದು.

"ಸುಶೀಲಾ," ಎಂದೆ, ಆದಷ್ಟು ಗಂಭೀರವಾಗಿ, "ಕೇಳಿಬಿಟ್ಟ."

"ಅವಗೇನ್ ಗೊತ್ತರಿ, ಪಾಪ."

"ಗೊತ್ತಿಲ್ಲದ ಮುಟ್ಟಿದ್ರೂ ಬೆಂಕಿ ಸುಡತೈತಿ."

ಆಕೆ ನನ್ನನ್ನು ಒಂದು ಕ್ಷಣ ನೋಡಿದಳು. ಆಮೇಲೆ ಹಿಂತಿರುಗಿದಳು. ಬಂದರಿನ ಬೆಂಚಿನ ಮೇಲೆ ಕುಳಿತು ನೀರು ಕುಡಿದೆವು. ನಾನು ಹಾಗೆ ನೀರು ಕುಡಿದದ್ದು ಮುಂಜಿಯಲ್ಲಿ ಆಚಮನ ಕಲಿತಾಗಲೂ ಇಲ್ಲ. ಗುಟುಕು ಗುಟುಕಿಗೂ ಕಣ್ಣು ಮುಚ್ಚಿದೆ. ಬಾಟಲಿ ಮುಗಿಯುವ ಹೊತ್ತಿಗೆ ಕಲ್ಯಾಣಮಂಟಪ ಗಂಭೀರವಾಗಿ ಕೂಗಿ ದಡ ಬಿಟ್ಟಿತ್ತು. ನನ್ನ ಮಂಡಿ ಹೂವಿನಷ್ಟು ಹಗುರಾಯಿತು.

ಸುಶೀಲಾ ಟಿಕೆಟ್ ಕಿಟಕಿಗೆ ಹೋಗಿ ಬಂದಳು. "ಇನ್ನೊಂದು ಬೋಟು ಈಗ ಬರ್ತೈತಂತ. ಸಣ್ಣದು. ನೀರಿನ ಮ್ಯಾಲೆ ಹಾರಿಕೋತ ಹೋಗತೈತಂತ. ಜಲ್ದಿ ಏಳ್ರಿ."

ನಂಬದ ಶಕುನವನ್ನು ಸ್ವಾರ್ಥಕ್ಕೆ ಬಳಸಿದವನಿಗೆ ಇದಕ್ಕಿಂತ ನ್ಯಾಯವಾದ ಶಿಕ್ಷೆಯಿಲ್ಲ. ಆ ಬೋಟಿಗೆ ಮೂತಿ ಮಾತ್ರ ಇತ್ತು, ಮರ್ಯಾದೆ ಇರಲಿಲ್ಲ. ಅಲೆಯಿಂದ ಅಲೆಗೆ ನೆಗೆಯುವುದು, ನಡುವೆ ನಮ್ಮನ್ನು ಗಾಳಿಯಲ್ಲಿ ಬಿಟ್ಟು ತಾನು ಮೊದಲು ಕೆಳಗಿಳಿಯುವುದು. ಮೊದಲ ನೆಗೆತಕ್ಕೆ ಕುಲದೇವರನ್ನು ಕರೆದೆ. ಮುಂದಿನದಕ್ಕೆ ಗೊತ್ತಿದ್ದ ಉಳಿದ ದೇವರುಗಳನ್ನೂ ಕರೆದೆ. ಅದರ ಮುಂದಿನದಕ್ಕೆ, ಕರೆಯಲು ಯಾರೂ ಉಳಿದಿರಲಿಲ್ಲವಾಗಿ, ಬಾಯಿಂದ ನಗು ಹೊರಬಿತ್ತು. ಕಾರಣ ಕೇಳಬೇಡಿ. ಅಂಜಿಕೆಗೂ ಒಂದು ತಳವಿರುತ್ತದೆಂದು ಕಾಣುತ್ತದೆ. ಅಲ್ಲಿ ಕಾಲು ತಾಗಿದರೆ ಮನುಷ್ಯ ಚೆಂಡಿನಂತೆ ಪುಟಿಯುತ್ತಾನೆ. ನಕ್ಕೆ, ನಗು ನಿಲ್ಲಲಿಲ್ಲ. ಮುಂದಿನ ಸೀಟಿನ ಗ್ರೀಕ್ ಅಜ್ಜಿ ತಿರುಗಿ ನೋಡಿ, ಹುಚ್ಚನೆಂದು ಖಚಿತಪಡಿಸಿಕೊಂಡು, ಔಷಧಿಯಂತೆ ಒಂದು ಹಿಡಿ ಪಿಸ್ತಾ ಕೊಟ್ಟಳು. ಏಜಿನಾದ ಬೆಳೆಯೇ ಅದು. ಸುಶೀಲಾ ಕೂಡಲೇ ಬುತ್ತಿ ಬಿಚ್ಚಿ ಆಕೆಯ ಕೈಗೆ ಚಟ್ನಿ ಸವರಿದ ಖಡಕ್ ರೊಟ್ಟಿ ಇಟ್ಟಳು. ಅಲೆ ಬಂದಾಗಲೆಲ್ಲ ಅಜ್ಜಿ, ನಾನು, ರೊಟ್ಟಿ, ಪಿಸ್ತಾ ಎಲ್ಲರೂ ಒಟ್ಟಿಗೆ ಮೇಲೇಳುತ್ತಿದ್ದೆವು. "ಮತ್ತೊಮ್ಮೆ ಹಾರಸ್ತಾನೇನ?" ಎಂದು ನಾನೇ ಕೇಳಿದೆನಂತೆ. ನನಗೆ ನೆನಪಿಲ್ಲ.

ದ್ವೀಪದಲ್ಲಿ ಇಳಿದರೆ ಬೀದಿಯೂ ತೂಗುತ್ತಿತ್ತು. ಪಿಸ್ತಾ ಅಂಗಡಿಗಳ ಮುಂದೆ ಅತ್ತಿಂದಿತ್ತ ವಾಲುತ್ತ ನಡೆದ ನಮ್ಮನ್ನು ನೋಡಿ ಆ ಊರಿನವರು ಹೈದರಾಬಾದಿನ ಬಗ್ಗೆ ಏನು ತಿಳಿದರೋ. ಸುಶೀಲಾ ಹೇಳಿದಳು: "ನಿಮ್ಮ ಮಂಡಿನೋವು ನನಗ ಗೊತ್ತಿಲ್ಲೇನ್ರಿ? ಟ್ಯಾಂಕ್‌ಬಂಡಿನ್ಯಾಗಾದ್ರ ಆಟೋ ಹಿಡದು ಮನಿಗೆ ಓಡ್ತಿದ್ರಿ. ಅದಕ್ಕ ಇಷ್ಟು ದೂರ ಕರಕೊಂಡು ಬಂದೆ."

ಆಗಲೇ ನನ್ನ ಮಣಿಕಟ್ಟು ಉರಿಯುತ್ತಿರುವುದು ಗಮನಕ್ಕೆ ಬಂತು. ಅದರ ಮೇಲೆ ಸಾಲಾಗಿ ಉಗುರಿನ ಗುರುತು. ದಾರಿಯುದ್ದಕ್ಕೂ ಆಕೆ ಹಿಡಿದಿದ್ದ ಜಾಗ.

"ನಿನಗೂ ಅಂಜಿಕಿ ಏನ?"

"ಇಲ್ಲದಿದ್ರ ಬುದ್ಧನ ಕಡೆ ನಾ ಒಬ್ಬಾಕಿನೇ ಹೋಗಿ ಬರತಿದ್ದಿಲ್ಲೇನು?" ಎಂದಳು. "ನಿಮ್ಮನ್ಯಾಕ ಕಾಯ್ತಿದ್ದೆ?"

ಸಂಜೆ ಅದೇ ಹಾರುವ ಬೋಟಿನಲ್ಲಿ ಮರಳಿದೆವು. ದೊಡ್ಡ ಹಡಗೂ ಇತ್ತು. ಬೇಡವೆಂದವನು ನಾನೇ.

ಊರಿಗೆ ಬಂದ ಮೇಲಿನ ಭಾನುವಾರ, ಸುಶೀಲಾ ಹೊಸ ಸೀರೆಯುಟ್ಟು, ನಾನು ಚಪ್ಪಲಿ ಮೆಟ್ಟಿ ಹೊರಟೆವು. ಮಹಡಿಯ ಕಟಾಂಜನದಿಂದ ದೇಸಾಯರು ಬಗ್ಗಿ, "ದೂರ ಹೊಂಟೀರೇನ್ರಿ?" ಎಂದರು.

"ಹೂಂನ್ರಿ, ಭಾಳ ದೂರ," ಎಂದೆ. "ಟ್ಯಾಂಕ್‌ಬಂಡಿಗೆ."

ಶಾಸ್ತ್ರಕ್ಕೆ ಸರಿಯಾಗಿಯೇ ಕೇಳಿದ್ದರು. ಯಾವ ದೋಷವೂ ಇರಲಿಲ್ಲ. ಆದರೂ ಸುಶೀಲಾ ಒಳಗೆ ಹೋಗಿ ಒಂದು ಲೋಟ ನೀರು ತಂದು ನನ್ನ ಮುಂದೆ ಹಿಡಿದಳು.

"ಇಲ್ಲೇ ಕುಡದು ಬಿಡ್ರಿ," ಎಂದಳು. "ಅಲ್ಲಿ ಮತ್ತ ನಾಟಕ ಬ್ಯಾಡ."

ಒಂದೇ ಗುಟುಕಿಗೆ ಕುಡಿದೆ.