ವಿಷ್ಣುಕ್ರಾಂತಿಯ ಮೇಲೆ ತಗಡು

ಬಿಸಿಲಿಗೆ ಕಾದ ತಗಡಿನ ವಾಸನೆ ಬಂದರೆ ಈಗಲೂ ಮಲ್ಕಾಜ್‌ಗಿರಿಯ ನಮ್ಮ ರೈಲ್ವೆ ಕ್ವಾರ್ಟರ್ಸಿನ ಹಿತ್ತಲು ಕಣ್ಣ ಮುಂದೆ ನಿಲ್ಲುತ್ತದೆ. ಹೈದರಾಬಾದು ಆಂಧ್ರದ ರಾಜಧಾನಿಯಾದ ಹೊಸತು. ಅಜ್ಜಿ ಗದಗಿನಿಂದ ಬೇರು ಸಮೇತ ತರಿಸಿದ್ದ ವಿಷ್ಣುಕ್ರಾಂತಿ ಹಿತ್ತಲಿನ ಗರಸು ನೆಲದ ಒಂದು ಮೂಲೆಯಲ್ಲಿ ಒತ್ತಾಗಿ ಹಬ್ಬಿತ್ತು. ಅದಕ್ಕೆ ನೀರು ಹೆಚ್ಚು ಬೇಡ, ಬಿಸಿಲು ಬೇಕು. ಬೆಳಗಿನ ಬಿಸಿಲಿಗೆ ಉಗುರಿನಗಲದ ನೀಲಿ ಹೂಗಳು ಅರಳಿ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತಿದ್ದವು. ಅಜ್ಜಿಯ ಪೂಜೆಗೆ ದಿನಾ ತಟ್ಟೆ ತುಂಬ ಅದೇ ಹೂ ಆಗಬೇಕು. ಆರಿಸುವವರು ನಾನು ಮತ್ತು ಆಗಷ್ಟೇ ಮದುವೆಯಾಗಿ ಬಂದಿದ್ದ ಚಿಕ್ಕಪ್ಪನ ಹೆಂಡತಿ, ನನ್ನ ಕಾಕು. ಬಗ್ಗಿ ಬಗ್ಗಿ ಆರಿಸಿ ಏಳುವಷ್ಟರಲ್ಲಿ ಮೆಟ್ಟಿಲ ಮೇಲಿಟ್ಟ ಅವಳ ಚಹಾ ಆರಿ ಕೆನೆಗಟ್ಟಿರುತ್ತಿತ್ತು. ನನ್ನನ್ನು ಗೋಲಿಯಾಟಕ್ಕೆ "ರಾರಾ" ಎಂದು ಕೂಗುತ್ತಿದ್ದ ಗೆಳೆಯರು ಆಟ ಮುಗಿಸಿರುತ್ತಿದ್ದರು.

ಒಂದು ದಿನ ಎಣ್ಣೆ ಡಬ್ಬಿ ಒಡೆದು ಮಾಡಿದ ತಗಡನ್ನು ಬಳ್ಳಿಯ ಮೇಲೆ ಮುಚ್ಚಿ ಶಾಲೆಗೆ ಹೋದೆ. ಸಂಜೆ ಕಾಕು ನೀರು ಹಾಕುವ ಮೊದಲು ತೆಗೆದಿಟ್ಟೆ. ದಿನಾ ಹಾಗೇ ಮಾಡಿದೆ. ಬಳ್ಳಿ ಬಿಳಿಚಿತು, ಹೂ ನಿಂತಿತು. ಕಣ್ಣು ಮಂಜಾಗಿ ಹಿತ್ತಲಿಗೆ ಇಳಿಯದ ಅಜ್ಜಿ ಕೂತಲ್ಲೇ ತೀರ್ಪು ಕೊಟ್ಟಳು: "ಅಕಿ ಕೈಗುಣ ಅದು. ಅಕಿ ಕೈ ಹತ್ತಿದ್ದು ಹಸರಾಗಂಗಿಲ್ಲ." ಕಾಕು ತಲೆ ಎತ್ತದೆ ಪಾತ್ರೆ ತಿಕ್ಕುತ್ತಿದ್ದಳು. ನಾನು ಪ್ರಸಾದದ ಸಕ್ಕರೆಗೆ ಕೈಯೊಡ್ಡಿ ನಿಂತಿದ್ದೆ. ಕೊನೆಗೆ ಅಜ್ಜಿ ಹೂವಾಡಗಿತ್ತಿಯ ಚೆಂಡುಹೂವಿಗೆ ಒಪ್ಪಿಕೊಂಡಳು. ಆ ಮಾತು ಮಾತ್ರ ಅವಳು ಸಾಯುವವರೆಗೂ ಕಾಕುವಿನ ಬೆನ್ನು ಬಿಡಲಿಲ್ಲ.

ನನ್ನ ತಲೆ ನೆರೆತ ಮೇಲೆ, ಹಾಸಿಗೆ ಹಿಡಿದಿದ್ದ ಕಾಕುವಿನ ಪಕ್ಕ ಕೂತು ಹೇಳಿದೆ: "ಕಾಕು, ಆ ಹೂವಿಗೆ ತಗಡು ಮುಚ್ಚಿದಾಂವ ನಾನ."

"ಗೊತ್ತೈತೋ ಮಬ್ಬ," ಅವಳ ಬೊಚ್ಚುಬಾಯಿ ಅರಳಿತು. "ಆವಾಗನ ಕಂಡಿದ್ದೆ."

"ಮತ್ತ ಯಾಕ ಹೇಳಲಿಲ್ಲ? ಅಜ್ಜಿ ಅಷ್ಟೊಂದು ಅಂದಳಲ್ಲ."

"ಹೂ ಇದ್ದಾಗರೆ ನಿಮ್ಮಜ್ಜಿ ಸುಮ್ನ ಇದ್ದಳೇನು? ಬೈಗಳ ಹೆಂಗೂ ತಪ್ಪತಿದ್ದಿಲ್ಲ. ಹೂ ಆರಿಸೋದು ತಪ್ಪಿದ ಮ್ಯಾಲ ಮುಂಜಾನಿ ಚಾ ಭಾಳ ಬಿಸಿ ಇರತಿತ್ತು ನೋಡು. ಗಾಳಿಗೆ ತಗಡು ಹಾರಿದ್ರ ನಾನ ಮತ್ತ ಮುಚ್ಚತಿದ್ದೆ."

ಇಷ್ಟು ವರ್ಷ ಎದೆಯ ಮೇಲಿದ್ದ ತಗಡನ್ನು ಅವಳು ನಕ್ಕು ಎತ್ತಿಟ್ಟಳು.

ಈಗ ಆ ಕ್ವಾರ್ಟರ್ಸ್ ಇಲ್ಲ, ಕಾಕು ಇಲ್ಲ. ಆರಿದ ಚಹಾ ಕುಡಿದು ಬದುಕಿದ ಇಂಥವಳೊಬ್ಬಳು ನಿಮ್ಮ ಮನೆಯಲ್ಲೂ ಇದ್ದಿರಬೇಕು. ನನ್ನ ಅಂಗಳದ ಬಿಸಿಲಲ್ಲಿ ವಿಷ್ಣುಕ್ರಾಂತಿ ಹಬ್ಬಿಸಿದ್ದೇನೆ. ಒಂದು ಹೂವನ್ನೂ ಕೀಳುವುದಿಲ್ಲ. ಬೆಳಿಗ್ಗೆ ಅದರ ಪಕ್ಕ ಕೂತು, ಚಹಾ ಆರುವ ಮೊದಲೇ ಕುಡಿದು ಮುಗಿಸುತ್ತೇನೆ.